ಮಾರುತಿ 800ಕ್ಕೆ ಮೂರು ಮೀಟರ್: ಕೆಲಸ ಎಲ್ಲಿವರೆಗೆ ಬಂತು

ಮೂರು ಮೀಟರೂ ಡ್ಯಾಶ್‌ಬೋರ್ಡಿನಲ್ಲಿ ಕೂತಿವೆ. ಮೂರೂ ನಿಜ ಹೇಳುತ್ತಿವೆ ಅಂತ ಈಗ ಧೈರ್ಯವಾಗಿ ಹೇಳಬಹುದು. ಒಂದು ಆಯಿಲ್ ಪ್ರೆಶರ್, ಒಂದು ಕೂಲೆಂಟ್ (ಇಂಜಿನ್ ತಂಪು ಮಾಡುವ ನೀರು) ಬಿಸಿ, ಇನ್ನೊಂದು ವೋಲ್ಟೇಜ್. ಕಾರು ಕಾರ್ಬ್ಯುರೇಟರ್ ಕಾಲದ ಮಾರುತಿ 800. ಫಿನಿಶಿಂಗ್ ಬಾಕಿ ಇದೆ. ಆದರೂ ಇಲ್ಲಿವರೆಗಿನದ್ದನ್ನು ಬರೆದಿಡುತ್ತೇನೆ, ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಬೇಕಾಗುತ್ತದೆ.

ಯಾಕೆ ಬೇಕಿತ್ತು ಅಂದರೆ, ಕಾರಿನ ಜೊತೆ ಬಂದ ಟೆಂಪರೇಚರ್ ಮೀಟರಿನಲ್ಲಿ ಒಂದು ತುದಿಗೆ ‘ಸಿ’, ಇನ್ನೊಂದು ತುದಿಗೆ ‘ಎಚ್’. ನಡುವೆ ಎಷ್ಟು ಡಿಗ್ರಿ ಅಂತ ತಿಳಿಯುವುದಿಲ್ಲ. ಆಯಿಲ್‌ಗೆ ಬರೀ ಕೆಂಪು ದೀಪ. ಒತ್ತಡ ತೀರಾ ಬಿದ್ದ ಮೇಲೆ ಅದು ಹತ್ತುತ್ತದೆ. ಅಷ್ಟು ಹೊತ್ತಿಗೆ ಬೇರಿಂಗ್‌ಗೆ ಪೆಟ್ಟಾಗಿರಬಹುದು. 796 ಸಿಸಿ, ಮೂರು ಸಿಲಿಂಡರ್, ಅಲ್ಯೂಮಿನಿಯಂ ಹೆಡ್ (ಇಂಜಿನ್ನಿನ ಮೇಲ್ಭಾಗ). ಒಮ್ಮೆ ಕಾದು ಹೆಡ್ ಬಾಗಿತೋ, ಅದರಡಿಯ ಸೀಲ್, ಅಂದರೆ ಗ್ಯಾಸ್ಕೆಟ್, ಕತೆ ಮುಗಿಯಿತು. 800 ತಯಾರಾಗುವುದು 2014ರ ಜನವರಿಗೇ ನಿಂತಿದೆ. ಇರುವ ಇಂಜಿನ್ನನ್ನೇ ಜೋಪಾನ ಮಾಡಬೇಕು, ಅಲ್ವಾ? ನಾವಿರುವುದು ಚಿಕ್ಕಬಳ್ಳಾಪುರ. ಒಂದು ಕಡೆ ನಂದಿ ಬೆಟ್ಟದ ಏರು, ಇನ್ನೊಂದು ಕಡೆ ಬಾಗೇಪಲ್ಲಿವರೆಗೆ ಬಿಸಿಲಲ್ಲಿ ಉದ್ದಕ್ಕೆ ಬಿದ್ದಿರುವ ಹೈವೇ.

ಡ್ಯಾಶ್‌ಬೋರ್ಡಿಗೆ ಒಂದೇ ಒಂದು ತೂತನ್ನೂ ಕೊರೆಯಬಾರದು ಅನ್ನುವುದು ನನ್ನ ಹಟವಾಗಿತ್ತು. ಹಾಗಾಗಿ ಕ್ಯಾಸೆಟ್ ಪ್ಲೇಯರ್ ತೆಗೆದು ಅದರ ಜಾಗ ಬಳಸಿಕೊಂಡೆ. ಕಾರ್ ಸ್ಟೀರಿಯೋ ಕಿಂಡಿಯ ಸ್ಟ್ಯಾಂಡರ್ಡ್ ಅಳತೆ 182 ಮಿ.ಮೀ. ಅಗಲ, 53 ಮಿ.ಮೀ. ಎತ್ತರ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ದುಂಡು ಮೀಟರಿನ ಅಡ್ಡಳತೆ 52 ಮಿ.ಮೀ. ಮೇಲೆ ಕೆಳಗೆ ಅರ್ಧರ್ಧ ಮಿಲಿಮೀಟರ್ ಉಳಿಯುತ್ತದೆ, ಅಷ್ಟೇ ಸಾಕು. ನಂಬರ್ ಪ್ಲೇಟ್ ಮಾಡುವ ಅಂಗಡಿಯಲ್ಲಿ 3 ಮಿ.ಮೀ. ಕಪ್ಪು ಅಕ್ರಿಲಿಕ್ ಶೀಟಿಗೆ ಲೇಸರ್‌ನಲ್ಲಿ ಮೂರು ತೂತು ಹಾಕಿಸಿದೆ. ಎಡ ತುದಿಗೆ ಸಣ್ಣ ಆನಿಕೆ ಕೊಟ್ಟು ಪ್ಯಾನೆಲ್ಲನ್ನು ಡ್ರೈವರ್ ಕಡೆ ವಾಲಿಸಿದ್ದೇನೆ. ಜಾಗ ಸ್ವಲ್ಪ ಕೆಳಗಾಯಿತು, ನಿಜ. ಆದರೆ ಯಾವಾಗ ಬೇಕಾದರೂ ಎಲ್ಲ ಬಿಚ್ಚಿ ಪ್ಲೇಯರನ್ನು ವಾಪಸ್ ಕೂರಿಸಬಹುದು. ಹಳೇ ಕಾರಿಗೆ ಈ ಗೌರವ ಸಲ್ಲಬೇಕು.

ಮುಖ್ಯ ಕೆಲಸ ಇರುವುದು ಬಾನೆಟ್ ಕೆಳಗೆ.

ಆಯಿಲ್ ಪ್ರೆಶರ್ ಮೀಟರ್ ಎರಡು ಥರ ಬರುತ್ತದೆ. ಮೆಕ್ಯಾನಿಕಲ್‌ನಲ್ಲಿ ಸಣ್ಣ ಟ್ಯೂಬಿನ ಮೂಲಕ ಬಿಸಿ ಆಯಿಲ್ಲೇ ಡ್ಯಾಶ್‌ಬೋರ್ಡಿನ ಹಿಂದಕ್ಕೆ ಬರುತ್ತದೆ. ಟ್ಯೂಬ್ ಬಿರುಕು ಬಿಟ್ಟರೆ ಕಾದ ಎಣ್ಣೆ ಕಾಲ ಮೇಲೆ. ಅದು ಬೇಡ ಅಂತ ಎಲೆಕ್ಟ್ರಿಕ್ ತೆಗೆದುಕೊಂಡೆ. ಇದರಲ್ಲಿ ಸೆಂಡರ್ (ಒತ್ತಡವನ್ನೋ ಬಿಸಿಯನ್ನೋ ಅಳೆದು ಮೀಟರಿಗೆ ತಿಳಿಸುವ ಭಾಗ) ಇಂಜಿನ್ ಹತ್ತಿರ ಇರುತ್ತದೆ, ಒಳಗೆ ಬರುವುದು ವೈರ್ ಮಾತ್ರ. ಸೆಂಡರ್ ಮತ್ತು ಮೀಟರ್ ಜೋಡಿ ಸರಿ ಇರಲೇಬೇಕು. ನನ್ನದು 10ರಿಂದ 180 ಓಮ್ (ಕರೆಂಟಿಗೆ ಆಗುವ ಅಡ್ಡಿಯ ಅಳತೆ) ಲೆಕ್ಕದ್ದು. ಒತ್ತಡ ಸೊನ್ನೆ ಇದ್ದಾಗ 10 ಓಮ್, ಪೂರ್ತಿ ಇದ್ದಾಗ 180. ಬೇರೆ ಲೆಕ್ಕದ ಸೆಂಡರ್ ಹಾಕಿದರೆ ಮುಳ್ಳು ಆಡುತ್ತದೆ, ಆದರೆ ಸುಮ್ನೆ ಆಡುತ್ತದೆ.

ಆಮೇಲೆ ಥ್ರೆಡ್ಡಿನ, ಅಂದರೆ ಸ್ಕ್ರೂ ಸುತ್ತಿನ ವಿಚಾರ. ಅದರಲ್ಲಿ ಬೇರೆ ಬೇರೆ ಸ್ಟ್ಯಾಂಡರ್ಡ್ ಇವೆ. ಸುಜುಕಿ ಇಂಜಿನ್ನಿನಲ್ಲಿ ಕೆಂಪು ದೀಪ ಹತ್ತಿಸುವ ಆಯಿಲ್ ಸ್ವಿಚ್ ಜಾಗದಲ್ಲಿರುವುದು 1/8 ಬಿಎಸ್‌ಪಿಟಿ, ಇಂಚಿಗೆ 28 ಸುತ್ತು. ಮಾರ್ಕೆಟ್ಟಿನ ಎಷ್ಟೋ ಸೆಂಡರ್‌ಗಳು 1/8 ಎನ್‌ಪಿಟಿ, ಇಂಚಿಗೆ 27 ಸುತ್ತು. ಕೈಯಲ್ಲಿ ತಿರುಗಿಸಿದರೆ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ. ಅದನ್ನು ನಂಬಿ ಸ್ಪ್ಯಾನರ್ ಹಾಕಿದರೆ ಬ್ಲಾಕಿನ (ಇಂಜಿನ್ನಿನ ಮುಖ್ಯ ಒಡಲು) ಥ್ರೆಡ್ಡೇ ಕಿತ್ತುಬರಬಹುದು. ಬಿ.ಬಿ. ರಸ್ತೆ ಕಡೆಯ ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಅಡಾಪ್ಟರ್ ಮಾಡಿಸಿದೆ. ಒಂದು ಕಡೆ ಬಿಎಸ್‌ಪಿಟಿ, ಇನ್ನೊಂದು ಕಡೆ ಎನ್‌ಪಿಟಿ. ಟರ್ನರ್ ಎರಡೂ ಥ್ರೆಡ್ಡಿಗೆ ಗೇಜ್ ಇಟ್ಟು ತೋರಿಸಿದರು. ಅಂಥವರ ಹತ್ತಿರ ಕೆಲಸ ಮಾಡಿಸುವುದೇ ಒಂದು ಖುಷಿ.

ಸೆಂಡರನ್ನು ನೇರವಾಗಿ ಬ್ಲಾಕಿಗೆ ಹಾಕಲಿಲ್ಲ. ಅದು ಭಾರ. ಇಂಜಿನ್ ನಡುಗುವಾಗ ಅಡಾಪ್ಟರಿನ ಕತ್ತು ಮುರಿದರೆ ಆಯಿಲ್ ಎಲ್ಲ ರಸ್ತೆ ಪಾಲು. ಹೆಣಿಗೆಯ ಹೋಸ್ ಹಾಕಿ, ಟಿ ಜಾಯಿಂಟನ್ನು ಕಾರಿನ ಮೈಗೆ ಕ್ಲ್ಯಾಂಪ್ ಮಾಡಿದೆ. ಟಿ-ಯ ಒಂದು ಕೈಗೆ ಹೊಸ ಸೆಂಡರ್, ಇನ್ನೊಂದಕ್ಕೆ ಹಳೇ ಸ್ವಿಚ್. ಕೆಂಪು ದೀಪ ಹಾಗೇ ಉಳಿಯಬೇಕು. ಮುಳ್ಳನ್ನು ಯಾವಾಗಲೂ ನೋಡುತ್ತಾ ಓಡಿಸಲು ಆಗುವುದಿಲ್ಲ, ದೀಪ ತಾನಾಗೇ ಕಣ್ಣಿಗೆ ಬೀಳುತ್ತದೆ.

ಇಲ್ಲೇ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿಯ ಮಾತು ಬರುವುದು. ಬ್ಲಾಕಿನಲ್ಲೇ ಇದ್ದಿದ್ದರೆ ಸೆಂಡರ್‌ಗೆ ಇಂಜಿನ್ನೇ ಅರ್ತ್. ಹೋಸ್ ತುದಿಗೆ ಬಂದ ಮೇಲೆ ಅದು ಇಲ್ಲ. ಕ್ಲ್ಯಾಂಪಿನ ಪೇಂಟ್ ಮೂಲಕ ಅರೆಬರೆ ಸಿಗುವ ಅರ್ತ್ ಅಂತೂ ಇನ್ನೂ ಅಪಾಯ. ಕೆಟ್ಟ ಅರ್ತ್ ಅಂದರೆ ದಾರಿಯಲ್ಲಿ ಒಂದಷ್ಟು ಓಮ್ ಹೆಚ್ಚುವರಿ ಸೇರಿದ ಹಾಗೆ. ಆಯಿಲ್ ಸೆಂಡರಿನಲ್ಲಿ ಓಮ್ ಜಾಸ್ತಿಯಾದರೆ ಮುಳ್ಳು ಒತ್ತಡ ಜಾಸ್ತಿ ಅಂತ ತೋರಿಸುತ್ತದೆ. ಟೆಂಪರೇಚರ್ ಸೆಂಡರಿನಲ್ಲಿ ಬಿಸಿ ಏರಿದಂತೆ ಓಮ್ ಇಳಿಯುತ್ತದೆ. ಹಾಗಾಗಿ ಅಲ್ಲಿ ಓಮ್ ಹೆಚ್ಚಾದರೆ ತಣ್ಣಗಿದೆ ಅಂತ ತೋರಿಸುತ್ತದೆ. ಎರಡೂ ಸುಳ್ಳು ನೆಮ್ಮದಿಯ ಕಡೆಗೇ ವಾಲುತ್ತವೆ. ಇಂಜಿನ್ ಒದ್ದಾಡುತ್ತಿದ್ದರೂ ಎಲ್ಲ ಚೆನ್ನಾಗಿದೆ ಅನ್ನುವ ಮೀಟರ್, ಮೀಟರೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಅದಕ್ಕೇ ಎರಡೂ ಸೆಂಡರಿನಿಂದ ಇಂಜಿನ್ ಬ್ಲಾಕಿಗೆ ಬೇರೆ ಬೇರೆ ಅರ್ತ್ ವೈರ್ ಎಳೆದಿದ್ದೇನೆ. ಬೋಲ್ಟ್ ಕೆಳಗಿನ ತುಕ್ಕು, ಪೇಂಟ್ ಎಲ್ಲ ಕೆರೆದು ರಿಂಗ್ ಟರ್ಮಿನಲ್ ಹಾಕಿದ್ದೇನೆ. ಮೀಟರಿಗೆ ಅರ್ತ್ ಬೇರೆ, ಅದರ ಬಲ್ಬಿಗೆ ಬೇರೆ. ಸೆಂಡರ್ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಬೇಡಿ, ಅದೂ ಅರ್ತ್ ತಿನ್ನುತ್ತದೆ.

ವೈರಿಂಗ್ ಪರೀಕ್ಷೆಗೆ ಒಂದು ಸುಲಭ ದಾರಿ ಇದೆ. ಸೆಂಡರ್ ವೈರ್ ಕಳಚಿ ಬ್ಲಾಕಿಗೆ ಮುಟ್ಟಿಸಿ. ಟೆಂಪರೇಚರ್ ಮುಳ್ಳು ಪೂರ್ತಿ ಬಿಸಿಗೆ ಹೋಗಬೇಕು, ಆಯಿಲ್ ಮುಳ್ಳು ಸೊನ್ನೆಗೆ ಬೀಳಬೇಕು.

ಟೆಂಪರೇಚರ್ ಸೆಂಡರ್ ಕೂತಿರುವುದು ಮೇಲಿನ ರೇಡಿಯೇಟರ್ ಹೋಸಿನ ನಡುವೆ, ಅಲ್ಯೂಮಿನಿಯಂ ತೋಳಿನಲ್ಲಿ. ಇದರಲ್ಲಿ ಒಂದು ಕೊರತೆ ಇದೆ. ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರ್ ಕಡೆ ಬಿಡುವ ವಾಲ್ವ್) ತೆರೆಯುವವರೆಗೆ ಅಲ್ಲಿಗೆ ಬಿಸಿನೀರು ಬರುವುದಿಲ್ಲ, ಮುಳ್ಳು ಮಲಗಿಯೇ ಇರುತ್ತದೆ. ನೀರು ಸೋರಿ ಹೋಸ್ ಖಾಲಿಯಾದರೂ ಸೆಂಡರ್ ಗಾಳಿಯಲ್ಲಿ ನಿಂತು ಕಡಿಮೆ ತೋರಿಸಬಹುದು. ಹಾಗಾಗಿ ಹಳೇ ‘ಸಿ–ಎಚ್’ ಮೀಟರನ್ನು ಮುಟ್ಟಿಲ್ಲ.

ಹಾಕುವ ಮೊದಲು ಹೊಸ ಟೆಂಪರೇಚರ್ ಸೆಂಡರನ್ನು ಅಡುಗೆಮನೆಯಲ್ಲೇ ಪರೀಕ್ಷೆ ಮಾಡಿದೆ. ಪಾತ್ರೆಯಲ್ಲಿ ನೀರು, ನೀರಲ್ಲಿ ಸೆಂಡರಿನ ಮೂತಿ, ಪಕ್ಕದಲ್ಲಿ ಬ್ಯಾಟರಿ ಮತ್ತು ಮೀಟರ್. ನೀರು ಕುದಿಯುವಾಗ ಮುಳ್ಳು 100ಕ್ಕಿಂತ ಸ್ವಲ್ಪ ಹಿಂದೆ ನಿಂತಿತು. ಅದು ಸರಿಯೇ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. 1,478 ಮೀಟರ್ ಎತ್ತರದ ನಂದಿ ಬೆಟ್ಟದ ತುದಿಯಲ್ಲಿ 95ಕ್ಕೇ. ರೇಡಿಯೇಟರ್ ಕ್ಯಾಪಿನ ಒತ್ತಡ ಇರುವುದರಿಂದ ಕಾರಿನ ನೀರು ಕುದಿಯದೆ ನಿಲ್ಲುತ್ತದೆ. 0.9 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಕ್ಯಾಪ್ ಗಟ್ಟಿಯಾಗಿದ್ದರೆ ಬೆಟ್ಟದ ಮೇಲೂ 115ರವರೆಗೆ ತಡೆಯುತ್ತದೆ. ಕ್ಯಾಪಿನ ರಬ್ಬರ್ ಸತ್ತಿದ್ದರೆ 95ಕ್ಕೇ ಉಕ್ಕುತ್ತದೆ. ಇದನ್ನು ಲೆಕ್ಕ ಹಾಕಿದ ಮೇಲೆ ಮೊದಲು ಹೊಸ ಕ್ಯಾಪ್ ತಂದೆ.

ವೋಲ್ಟ್ ಮೀಟರ್ ಸುಲಭ. ಆದರೆ ಇಗ್ನಿಷನ್ ವೈರಿನಿಂದ ನೇರ ಎಳೆದರೆ ಹಳೇ ವೈರಿಂಗಿನಲ್ಲಿ ಅರ್ಧ ವೋಲ್ಟೋ, ಅದಕ್ಕಿಂತ ಜಾಸ್ತಿಯೋ ಸೋರಿ ಕಡಿಮೆ ತೋರಿಸುತ್ತದೆ. ರಿಲೇ ಹಾಕಿ, ಅಂದರೆ ಕೀ ಲೈನಿನ ಸಣ್ಣ ಕರೆಂಟಿನಿಂದ ಬ್ಯಾಟರಿ ಲೈನನ್ನು ಆನ್ ಮಾಡುವ ಸ್ವಿಚ್. ಅದರ ಪಿನ್ನುಗಳಿಗೆ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಲೈನ್, 87ರಿಂದ ಮೀಟರಿಗೆ, ಕೀ ಲೈನ್ 86ಕ್ಕೆ, 85 ಅರ್ತ್‌ಗೆ. ಮೀಟರುಗಳಿಗೆ 3 ಆಂಪ್ ಫ್ಯೂಸ್ ಧಾರಾಳ. ಈಗ ಇಂಜಿನ್ ಆಫ್ ಇದ್ದಾಗ 12.6, ಓಡುವಾಗ 14ರ ಆಸುಪಾಸು.

ಎಲ್ಲ ಮುಗಿಸಿ ವಾರದ ನಡುವೆ ನಂದಿಗೆ ಹತ್ತಿಸಿದೆ. ಶನಿವಾರ ಭಾನುವಾರದ ಸಾಲಿನಲ್ಲಿ ಪರೀಕ್ಷೆ ಮಾಡಲು ಆಗುವುದಿಲ್ಲ. ಬಯಲಿನಲ್ಲಿ 85ರ ಹತ್ತಿರ ಇದ್ದ ಮುಳ್ಳು ತಿರುವುಗಳಲ್ಲಿ ಎರಡನೇ ಗೇರಿಗೆ ಬಂದ ಮೇಲೆ 95 ದಾಟಿತು. ಫ್ಯಾನ್ ತಿರುಗಿದ ತಕ್ಷಣ ಇಳಿಯತೊಡಗಿತು. ಆಯಿಲ್ ಏರಿನಲ್ಲಿ 3 ಬಾರ್ ಮೇಲೆಯೇ ಇತ್ತು. ಮೇಲೆ ಹೋಗಿ ಐಡಲ್‌ನಲ್ಲಿ ನಿಲ್ಲಿಸಿದಾಗ ಒಂದಕ್ಕಿಂತ ಸ್ವಲ್ಪ ಮೇಲೆ. ಬಿಸಿಗೆ ಆಯಿಲ್ ತೆಳ್ಳಗಾಗುವುದರಿಂದ ಇದು ಸಹಜ. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ (ಒತ್ತಡದ ಇನ್ನೊಂದು ಅಳತೆ, 1 ಬಾರ್ ಅಂದರೆ ಸುಮಾರು 14.5) ಅನ್ನುವ ಹಳೇ ಲೆಕ್ಕಕ್ಕೂ ಹೊಂದುತ್ತದೆ. ಹಳೇ ಮೀಟರಿನ ಮುಳ್ಳು ಇಷ್ಟು ಹೊತ್ತೂ ನಡುವಿನಲ್ಲೇ ಇತ್ತು, ಅಲುಗಾಡಲೇ ಇಲ್ಲ.

ಬಾಕಿ ಇರುವುದು: ರಾತ್ರಿ ಬಲ್ಬುಗಳ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಅದಕ್ಕೆ ಡಿಮ್ಮರ್ ಬೇಕು. ಫೈರ್‌ವಾಲ್ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡು) ದಾಟುವ ಕಡೆ ವೈರ್ ಉಜ್ಜದ ಹಾಗೆ ಗ್ರಾಮೆಟ್ (ರಬ್ಬರ್ ಬಳೆ) ಹಾಕಿ ಆಗಿದೆ, ವೈರಿಗೆ ಬಟ್ಟೆ ಟೇಪ್ ಸುತ್ತುವುದಿದೆ. ಅಕ್ರಿಲಿಕ್ಕಿನ ಹೊಳಪು ಡ್ಯಾಶ್‌ಬೋರ್ಡಿಗೆ ಒಗ್ಗುತ್ತಿಲ್ಲ. ಸಣ್ಣ ಮರಳು ಕಾಗದ ಹಾಕಿ ಮ್ಯಾಟ್ ಕಪ್ಪು ಹೊಡೆಯುತ್ತೇನೆ. ಆಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಬಾಗೇಪಲ್ಲಿವರೆಗೆ ಒಂದೇ ವೇಗದಲ್ಲಿ ಓಡಿಸಿ ಮೂರೂ ಸಂಖ್ಯೆಗಳನ್ನು ಬರೆದುಕೊಳ್ಳುವುದಿದೆ.