ಬಾಯಮ್ಮನ ಕಿಡಿಯೊ

ಡಿಸೆಂಬರ್ ಎರಡನೇ ವಾರ ಬಂತೆಂದರೆ ಸಂಜೆ ಹೊತ್ತು ನಮ್ಮ ಹಾಸ್ಟೆಲ್ ಅಡುಗೆಮನೆಯ ಬಾಗಿಲು ಮುಚ್ಚಿಬಿಡುತ್ತಿತ್ತು. ಒಳಗೆ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ಕೆಲಸ. ನಮಗೆ ಸಿಗುತ್ತಿದ್ದದ್ದು ಕಿಟಕಿಯಿಂದ ಬರುವ ವಾಸನೆ ಮಾತ್ರ. ಕಾಯಿಹಾಲು, ಏಲಕ್ಕಿ, ಕಾದ ಎಣ್ಣೆ.

ನಾನು ವಿರಾಜಪೇಟೆಯ ಈ ಶಾಲೆಗೆ ಸೇರಿದ್ದು 1983ರಲ್ಲಿ, ಐದನೇ ಕ್ಲಾಸಿಗೆ. ಮನೆ ನಾಪೋಕ್ಲು ಕಡೆ. ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಅಂದರೆ ಕ್ಯಾಲೆಂಡರಿನಲ್ಲಿ ಒಂದು ಕೆಂಪು ತಾರೀಖು, ಅಷ್ಟೆ. ಆ ಹೊತ್ತಿಗೆ ಕಾಫಿ ಹಣ್ಣು ಕೊಯ್ಯುವ ಗಡಿಬಿಡಿ. ಯಾರಿಗೂ ತಲೆ ಎತ್ತಲು ಪುರುಸೊತ್ತಿರಲಿಲ್ಲ.

ಆ ಬಾಗಿಲು ನನಗೆ ತೆರೆದದ್ದು ತಂಬುಟ್ಟಿನಿಂದ. ಸುಗ್ಗಿ ಹಬ್ಬ ಹುತ್ತರಿಗೆ ಊರಿಗೆ ಹೋದವಳು ಬರುವಾಗ ಬಾಳೆಎಲೆಯಲ್ಲಿ ಕಟ್ಟಿಕೊಂಡು ಬಂದಿದ್ದೆ. ಹುರಿದ ಅಕ್ಕಿಹಿಟ್ಟಿಗೆ ಚೆನ್ನಾಗಿ ಕಳಿತ ಬಾಳೆಹಣ್ಣು ಕಿವುಚಿ, ಮೇಲೆ ಎಳ್ಳು, ಕಾಯಿತುರಿ, ತುಪ್ಪ. ಹಾಸ್ಟೆಲ್ಲಿಗೆ ಮುಟ್ಟುವಾಗ ನೋಡಲು ಚೆಂದ ಏನೂ ಇರಲಿಲ್ಲ. ಅಡುಗೆಯ ಬಾಯಮ್ಮನಿಗೆ ಕೊಟ್ಟೆ. ಅವರು ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಆಮೇಲೆ, "ನಾಳೆ ಸಂಜೆ ಕೈ ತೊಳೆದು ಬಾ ಮಗಾ" ಅಂದರು.

ಬಾಯಮ್ಮ ಮಾತಾಡುತ್ತಿದ್ದದ್ದು ಕೊಂಕಣಿ, ನಮ್ಮ ಜೊತೆ ಮಾತ್ರ ಕನ್ನಡ. ಘಟ್ಟದ ಕೆಳಗಿನ ಭಾಷೆ ಇಲ್ಲಿಗೆ ಹೇಗೆ ಬಂತು ಎಂದು ಆಗ ಕೇಳಬೇಕೆನಿಸಿರಲಿಲ್ಲ. ಟಿಪ್ಪು ಸೆರೆ ಹಿಡಿದ ಕರಾವಳಿಯ ಕ್ರೈಸ್ತರಲ್ಲಿ ಕೆಲವರು ತಪ್ಪಿಸಿಕೊಂಡು ಕೊಡಗಿಗೆ ಬಂದಿದ್ದರು. ದೊಡ್ಡವೀರರಾಜೇಂದ್ರ ಅವರಿಗೆ ನೆಲೆ ಕೊಟ್ಟ. ನಾವು ದಿನಾ ಗಂಟೆ ಕೇಳುತ್ತಿದ್ದ ಸಂತ ಅನ್ನಮ್ಮ ಚರ್ಚ್ ಶುರುವಾದದ್ದು 1792ರಲ್ಲಿ, ಅದೇ ರಾಜನ ಕಾಲದಲ್ಲಿ. ಜನ ಬಂದಾಗ ಅವರ ಬಾಯಿರುಚಿಯೂ ಜೊತೆಗೇ ಬಂತು, ಅಲ್ವಾ.

ಕುಸ್ವಾರ್ ಅಂದರೆ ಒಂದು ತಿಂಡಿಯಲ್ಲ, ಹಬ್ಬಕ್ಕೆ ಮಾಡುವ ತಿಂಡಿಗಳ ಇಡೀ ಸೈನ್ಯ. ಅದರಲ್ಲಿ ನೆವ್ರಿ ನಮ್ಮ ಕರ್ಜಿಕಾಯಿಯ ಅಕ್ಕನೋ ತಂಗಿಯೋ. ಗುಳಿಯೊ, ಚಕ್ಕುಲಿ, ತುಕ್ಡಿ ಎಲ್ಲ ಇದ್ದವು. ನನ್ನ ಪಾಲಿಗೆ ಬಂದದ್ದು ಕಿಡಿಯೊ. ಹಾಗಂದರೆ ಹುಳ! ಮೈದಾ, ಮೊಟ್ಟೆ, ಕಾಯಿಹಾಲು ಹಾಕಿ ಕಲಸಿದ ಹಿಟ್ಟು. ನೆಲ್ಲಿಕಾಯಿಗಿಂತ ಚಿಕ್ಕ ಉಂಡೆ ತೆಗೆದುಕೊಂಡು ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಬೇಕು. ಒತ್ತುತ್ತಲೇ ಸುರುಳಿ ಸುತ್ತಬೇಕು. ಹೊರಮೈಯಲ್ಲಿ ಗೆರೆ ಗೆರೆ ಬೀಳುತ್ತದೆ, ಒಳಗೆ ಟೊಳ್ಳು. ಜೋರಾಗಿ ಒತ್ತಿದರೆ ಹಲ್ಲಿಗೇ ಅಂಟಿಕೊಳ್ಳುತ್ತದೆ. ಮೆಲ್ಲಗೆ ಒತ್ತಿದರೆ ಗೆರೆ ಬೀಳುವುದಿಲ್ಲ. ಕರಿದ ಮೇಲೆ ಸಕ್ಕರೆ ಪಾಕಕ್ಕೆ ಹಾಕಿ ಮಗುಚುತ್ತಲೇ ಇರಬೇಕು. ಪಾಕ ಆರುತ್ತಾ ಆರುತ್ತಾ ಗೆರೆಗಳ ನಡುವೆ ಬೆಳ್ಳಗೆ ಕೂರುತ್ತದೆ. ಕೊಡಗಿನ ಚಳಿಗೆ ಅದು ಬೇಗ ಕೂರುತ್ತಿತ್ತು. ಒಂದು ನಿಮಿಷ ತಡವಾದರೆ ಎಲ್ಲ ಹುಳಗಳೂ ಸೇರಿ ಒಂದೇ ಗಡ್ಡೆ.

ಅಡುಗೆಮನೆಯಲ್ಲಿ ಇದ್ದದ್ದು ಸಂತೆಯಿಂದ ತಂದ ನಾಲ್ಕು ಹೊಸ ಬಾಚಣಿಗೆ, ಕೈಗಳು ಏಳು. ಸುಮ್ನೆ ಕೂರಲಾರದೆ ನಾನು ಓಡಿಹೋಗಿ ಟ್ರಂಕಿನಿಂದ ನನ್ನ ಸೀರಣಿಗೆ ತಂದೆ. ಹೇನು ಬಾಚುವುದು. ಹಲ್ಲು ಸಣ್ಣ, ಗೆರೆ ಚೆನ್ನಾಗಿ ಬರುತ್ತದೆ ಅನ್ನುವುದು ನನ್ನ ಲೆಕ್ಕ. ಸೋಪು ಹಾಕಿ ತೊಳೆದೂ ಇದ್ದೆ. ನಾಲ್ಕನೇ ಕಿಡಿಯೊ ಮುಗಿಯುವಷ್ಟರಲ್ಲಿ ಬಾಯಮ್ಮನಿಗೆ ಕೊಬ್ಬರಿ ಎಣ್ಣೆ ವಾಸನೆ ಬಡಿಯಿತು. ಸೀರಣಿಗೆ ಕಿಟಕಿಯಿಂದ ಆಚೆ ಹೋಯಿತು. ನಾಲ್ಕೂ ಕಿಡಿಯೊ ಹಂದಿಗೂಡಿಗೆ ಹೋದವು. ಆ ವರ್ಷವಿಡೀ ನನ್ನ ಹೆಸರು ಹಾಸ್ಟೆಲ್ಲಿನಲ್ಲಿ ಏನಾಗಿತ್ತು ಎಂದು ಹಳಬರಿಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ.

ಕೇಕ್ ಮಾತ್ರ ಪೇಟೆಯ ಬೇಕರಿಯಿಂದ ಬರುತ್ತಿತ್ತು. ಮಾಕುಟ್ಟ ಘಾಟಿ ಇಳಿದರೆ ತಲಚೇರಿ ದೂರವಲ್ಲ. ಅಲ್ಲಿಯ ಮಂಬಳ್ಳಿ ಬಾಪು ಎಂಬ ಬೇಕರಿಯವರು 1883ರಲ್ಲಿ ತೋಟದ ದೊರೆಯೊಬ್ಬ ಕೊಟ್ಟ ವಿಲಾಯಿತಿ ಕೇಕಿನ ರುಚಿ ನೋಡಿ ತಾವೇ ಒಂದು ಮಾಡಿದರಂತೆ. ದೊರೆ ಹೇಳಿದ ಬ್ರಾಂಡಿ ಬಿಟ್ಟು ಊರಿನ ಗೇರುಹಣ್ಣಿನ ಸಾರಾಯಿ ಹಾಕಿದರಂತೆ. ದೇಶದ ಮೊದಲ ಕ್ರಿಸ್‌ಮಸ್ ಕೇಕ್ ಅದೇ ಅನ್ನುತ್ತಾರೆ ತಲಚೇರಿಯವರು. ನಮ್ಮ ಸಿಸ್ಟರುಗಳೂ ಒಂದು ಭರಣಿಯಲ್ಲಿ ಲವಂಗ, ಚಕ್ಕೆ ಹಾಕಿ ಏನೋ ಇಡುತ್ತಿದ್ದರು. ಕೇಳಿದರೆ ದ್ರಾಕ್ಷಿ ಜ್ಯೂಸು.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವುದು ಏಳನೇ ಕ್ಲಾಸಿನವರ ಕೆಲಸ. ಹತ್ತು ದಿನ ಮೊದಲೇ ಕಾಯಿಚಿಪ್ಪಿನಲ್ಲಿ ರಾಗಿ ಮೊಳಕೆ ಹಾಕುತ್ತಿದ್ದೆವು, ಅದೇ ಬೆತ್ಲೆಹೇಮಿನ ಹುಲ್ಲುಗಾವಲು. ಪಾಚಿಗಂತೂ ಕೊಡಗಿನಲ್ಲಿ ಬರವಿಲ್ಲ, ಯಾವ ಮರ ಕೆರೆದರೂ ಬುಟ್ಟಿಗಟ್ಟಲೆ. ಹಾಗೆ ಕಟ್ಟುತ್ತಾ ಕೂತಾಗ ಒಬ್ಬರು ಸಿಸ್ಟರ್ ಕಥೆ ಹೇಳಿದರು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿ ಗೋದಲಿ ಮಾಡಿದ್ದರಂತೆ. ಅದರ ಹಿಂದೆಯೇ ಇನ್ನೊಂದು ಹೇಳಿದರು. ಯುರೋಪಿನ ಹಳ್ಳಿಗಳಲ್ಲಿ ಜನ ನಂಬುತ್ತಿದ್ದರು, ಕ್ರಿಸ್‌ಮಸ್ ಹಿಂದಿನ ರಾತ್ರಿ ಸರಿಯಾಗಿ ಹನ್ನೆರಡಕ್ಕೆ ಕೊಟ್ಟಿಗೆಯ ದನಗಳು ಮಂಡಿ ಊರುತ್ತವೆ, ಮಾತೂ ಆಡುತ್ತವೆ ಎಂದು.

ಗೋದಲಿಯನ್ನು ಮರೆತೇಬಿಟ್ಟೆ. ನಮ್ಮ ಕೊಟ್ಟಿಗೆಯಲ್ಲಿ ಮೂರು ದನ ಇದ್ದವು.

ರಜೆಗೆ ಮನೆಗೆ ಹೋದೆ. ಇಪ್ಪತ್ತನಾಲ್ಕರ ರಾತ್ರಿ ಅಪ್ಪನ ಟಾರ್ಚ್ ಕದ್ದು, ಕಂಬಳಿ ಹೊದ್ದು ಕೊಟ್ಟಿಗೆಗೆ ಹೋಗಿ ಕೂತೆ. ಮಂಜು ಹನಿಹನಿಯಾಗಿ ಹೆಂಚಿನಿಂದ ತೊಟ್ಟಿಕ್ಕುತ್ತಿತ್ತು. ಗಡಿಯಾರ ಇರಲಿಲ್ಲ. ಹನ್ನೆರಡು ಆಗಿರಬಹುದು ಅನಿಸಿದಾಗ ಟಾರ್ಚ್ ಬಿಟ್ಟೆ. ಮಲಗಿದ್ದ ಕೆಂಪು ದನ ಬೆಚ್ಚಿ ಏಳಲು ಹೊರಟಿತು. ಮೊದಲು ಹಿಂಗಾಲು ಮೇಲೆದ್ದವು. ಮುಂಗಾಲು ಇನ್ನೂ ಮಂಡಿಯ ಮೇಲೇ. ತಲೆ ನನ್ನ ಕಡೆಗೆ ಬಾಗಿತ್ತು. ದನ ಏಳುವುದೇ ಹಾಗೆ, ಹುಟ್ಟಿದಾಗಿನಿಂದ ನೋಡಿದ್ದೆ. ಆದರೂ ಆ ಒಂದು ಕ್ಷಣ ನನ್ನ ಮೈಯೆಲ್ಲ ಜುಂ ಅಂದಿತು.

ಬೆಳಕು ಕಂಡು ಅಜ್ಜಿ ಬಂದರು. ವಿಷಯ ಕೇಳಿ ನಗಲಿಲ್ಲ. "ಮಾತಾಡ್ತಾ?" ಅಂದರು. ಇಲ್ಲ ಅಂದೆ. "ಒಳ್ಳೇದೇ ಆಯ್ತು. ಮಾತಾಡಿದ್ರೆ ನಿನ್ನಪ್ಪ ಹಿಂಡಿ ಕಮ್ಮಿ ಹಾಕ್ತಾನೆ ಅಂತ ಊರಿಗೆಲ್ಲ ಹೇಳ್ತಿತ್ತು."

ಶಾಲೆ ಶುರುವಾದ ದಿನ ಸಿಸ್ಟರಿಗೆ ಹೇಳಲು ನಾಚಿಕೆಯಾಗಿ ಬಾಯಮ್ಮನಿಗೆ ಹೇಳಿದೆ. ಅವರು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ, "ಮಂಡಿ ಊರಿತಾ?" ಎಂದು ಕೇಳಿದರು.

"ಊರಿತು ಬಾಯಮ್ಮ. ಮುಂಗಾಲು ಎರಡೂ."

"ಮತ್ತೆ ಇನ್ನೆಂತ ಬೇಕು ನಿನಗೆ?" ಎಂದು ಸೆರಗಿಗೆ ಕೈ ಒರೆಸಿಕೊಂಡು ಡಬ್ಬದ ತಳದಿಂದ ಒಂದು ಹಿಡಿ ಕಿಡಿಯೊ ತೆಗೆದು ಕೊಟ್ಟರು. ಮೆತ್ತಗಾಗಿದ್ದವು. ಎಲ್ಲವನ್ನೂ ಅಲ್ಲೇ ನಿಂತು ತಿಂದೆ.