ಪಿಡಿಎಫ್ ಲೈಬ್ರರಿಯ ಮುಂದಿನ ಆವೃತ್ತಿ: ಮೊದಲು ‘ತೀರ್ಥಹಳ್ಳಿ’ ಸರಿಯಾಗಲಿ

ಪುಟ ಬಿಡಿಸುವುದು, ಜೋಡಿಸುವುದು, ತಿರುಗಿಸುವುದು, ಪಠ್ಯ ಹೊರತೆಗೆಯುವುದು. ನಮ್ಮ ಪೈಥಾನ್ ಲೈಬ್ರರಿ, ಅಂದರೆ ಸ್ಕ್ರಿಪ್ಟುಗಳಲ್ಲಿ ಬಳಸುವ ಸಿದ್ಧ ಕೋಡು, ಪಿಡಿಎಫ್ ಫೈಲುಗಳಿಗೆ ಸದ್ಯ ಮಾಡುವುದು ಇಷ್ಟೇ. ಬಳಸುವವರಲ್ಲಿ ಹೆಚ್ಚಿನವರು ಶಿವಮೊಗ್ಗ, ಸಾಗರ, ಹೊಸನಗರದ ಕಡೆಯವರು: ಅಡಿಕೆ ಮಂಡಿಯ ಬಿಲ್ಲು ಒಟ್ಟು ಮಾಡುವವರು, ಪಂಚಾಯಿತಿ ನಡಾವಳಿ ಸ್ಕ್ಯಾನ್ ಮಾಡಿಡುವವರು, ಪಹಣಿ ನೋಡಿ ಸರ್ವೆ ನಂಬರನ್ನು ಎಕ್ಸೆಲ್‌ಗೆ ತುಂಬುವ ಜೆರಾಕ್ಸ್ ಅಂಗಡಿಯವರು. ‘ಪಿಡಿಎಫನ್ನು ವರ್ಡ್ ಮಾಡಿಕೊಡಿ’ ಎಂಬುದು ಎಲ್ಲರ ಬೇಡಿಕೆ. ಈ ಸಲ ಅದಕ್ಕೆ ಕೈ ಹಾಕುವುದಿಲ್ಲ. ಹೊರತೆಗೆದ ಪಠ್ಯವೇ ತಪ್ಪಿರುವಾಗ ವರ್ಡ್ ಫೈಲಿಗೆ ಹೋಗುವುದೂ ಅದೇ ತಪ್ಪು.

ತಪ್ಪು ಹೇಗೆ ಹುಟ್ಟುತ್ತದೆ ಎಂದು ನೋಡಲು ‘ತೀರ್ಥಹಳ್ಳಿ’ ಒಂದೇ ಪದ ಸಾಕು. ಪಿಡಿಎಫ್ ಒಳಗೆ ಇರುವುದು ಅಕ್ಷರವಲ್ಲ, ಫಾಂಟಿನ ಗ್ಲಿಫ್ ನಂಬರು (ಗ್ಲಿಫ್ ಅಂದರೆ ಅಕ್ಷರದ ಅಥವಾ ಅದರ ಭಾಗದ ಚಿತ್ರ). ಅವು ಕಾಗದದ ಮೇಲೆ ಬಿಡಿಸುವ ಕ್ರಮದಲ್ಲಿ ಕೂತಿರುತ್ತವೆ, ನಾವು ಓದುವ ಕ್ರಮದಲ್ಲಿ ಅಲ್ಲ. ‘ರ್ಥ’ದಲ್ಲಿ ಯೂನಿಕೋಡ್ ಪ್ರಕಾರ ರ ಮೊದಲು ಬರಬೇಕು, ಬಿಡಿಸುವಾಗ ಥ ಮೊದಲು, ಅರ್ಕಾವೊತ್ತು ಆಮೇಲೆ. ‘ಳ್ಳಿ’ಯಲ್ಲಿ ಗುಣಿತ ಸೇರಿದ ‘ಳಿ’ ಮೊದಲು ಬಂದು, ಕೆಳಗಿನ ಒತ್ತು ಕೊನೆಗೆ ಬರುತ್ತದೆ. ಪಿಡಿಎಫ್ ಒಳಗಿನ ಟುಯೂನಿಕೋಡ್ ಪಟ್ಟಿ ಒಂದು ಗ್ಲಿಫ್ಫಿಗೆ ಯಾವ ಯೂನಿಕೋಡ್ ಅಕ್ಷರಗಳು ಎಂದಷ್ಟೇ ಹೇಳುತ್ತದೆ, ಕ್ರಮ ಬದಲಿಸುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಕಾಪಿ ಮಾಡಿದರೆ ‘ತೀಥರ್ಹಳಿ್ಳ’ ಬರುತ್ತದೆ. ಭದ್ರಾವತಿ ‘ಭದಾ್ರವತಿ’ ಆಗುವುದೂ, ಅಡಿಕೆ ಬಿಲ್ಲಿನ ಬೆಟ್ಟೆ ‘ಬೆಟೆ್ಟ’ ಆಗುವುದೂ ಇದೇ ಕಾರಣಕ್ಕೆ. ಅಡಿಕೆಯ ಉಳಿದ ದರ್ಜೆಗಳಾದ ರಾಶಿ, ಸರಕು, ಗೊರಬಲು ಮಾತ್ರ ಬಚಾವು, ಅವಕ್ಕೆ ಒತ್ತೇ ಇಲ್ಲ.

ಇದರಲ್ಲಿ ಸುಲಭದ ಭಾಗವೂ ಒಂದಿದೆ. ಎಷ್ಟೋ ಫಾಂಟುಗಳಲ್ಲಿ ‘ತೀ’ ಎನ್ನುವುದು ‘ತಿ’ ಮತ್ತು ದೀರ್ಘದ ಚಿಹ್ನೆಯಾಗಿ ಬಿಡಿಬಿಡಿ ಬರುತ್ತದೆ. ಶಿವಮೊಗ್ಗದ ‘ಮೊ’ ಕೂಡ ಎತ್ವ ಮತ್ತು ಊತ್ವದ ಚಿಹ್ನೆಗಳಾಗಿ ಒಡೆದು ಬರಬಹುದು. ಯೂನಿಕೋಡಿನ ಎನ್‌ಎಫ್‌ಸಿ ನಾರ್ಮಲೈಸೇಶನ್ ಇವನ್ನು ತಾನೇ ಕೂಡಿಸುತ್ತದೆ, ಪೈಥಾನಿನಲ್ಲಿ ಒಂದು ಸಾಲಿನ ಕೆಲಸ. ಒತ್ತು ಗುಣಿತಕ್ಕಿಂತ ಮುಂಚೆ ಬರಬೇಕು ಎಂಬ ನಿಯಮವನ್ನೂ ಸ್ಟ್ರಿಂಗ್ ಮೇಲೆಯೇ, ಅಂದರೆ ಹೊರಬಂದ ಅಕ್ಷರಗಳ ಸಾಲಿನ ಮೇಲೆಯೇ, ನಡೆಸಬಹುದು, ಏಕೆಂದರೆ ಗುಣಿತದ ಚಿಹ್ನೆ ಆದಮೇಲೆ ಹಲಂತ ಬರುವುದು ಸರಿಯಾದ ಕನ್ನಡದಲ್ಲಿ ಇಲ್ಲವೇ ಇಲ್ಲ.

ಕಷ್ಟ ಇರುವುದು ಅರ್ಕಾವೊತ್ತಿನಲ್ಲಿ. ‘ಡಾಕ್ಟರ್’ ಕೊನೆಯ ರ್, ‘ತೀರ್ಥ’ದ ರ್ ಎರಡೂ ಟುಯೂನಿಕೋಡ್ ಪಟ್ಟಿಯಲ್ಲಿ ಒಂದೇ: ರ, ಆಮೇಲೆ ಹಲಂತ. ‘ರ್ ಕಂಡರೆ ಅದರ ಹಿಂದಿನ ವ್ಯಂಜನಕ್ಕಿಂತ ಮೊದಲು ಇಡು’ ಎಂದು ಸ್ಟ್ರಿಂಗ್ ಮೇಲೆ ನಿಯಮ ಬರೆದರೆ ತೀರ್ಥಹಳ್ಳಿ ಸರಿಯಾಗಿ ಡಾಕ್ಟರ್ ಕೆಡುತ್ತಾರೆ. ಆದ್ದರಿಂದ ಈ ತೀರ್ಮಾನ ಸ್ಟ್ರಿಂಗ್ ಆಗುವ ಮೊದಲೇ, ಗ್ಲಿಫ್ ನಂಬರು ಕೈಯಲ್ಲಿರುವಾಗಲೇ ಆಗಬೇಕು. ಅಲ್ಲಿ ಇವೆರಡೂ ಬೇರೆ ಬೇರೆ ಚಿತ್ರಗಳು.

ಅರ್ಕಾವೊತ್ತಿನ ಗ್ಲಿಫ್ ಯಾವುದೆಂದು ಗೊತ್ತು ಮಾಡಿಕೊಳ್ಳುವುದು ಮುಂದಿನ ತೊಡಕು. ಗ್ಲಿಫ್‌ಗಳ ಅದಲುಬದಲಿನ ನಿಯಮಗಳಿರುವ, ಫಾಂಟಿನ ಜಿಸಬ್ ಟೇಬಲ್ ಇದ್ದರೆ ಅಲ್ಲೇ ರೆಫ್‌ಗೆ, ಅಂದರೆ ಅರ್ಕಾವೊತ್ತಿಗೆ, ಮೀಸಲಾದ ಫೀಚರ್ ಸಿಗುತ್ತದೆ. ಆದರೆ ಪಿಡಿಎಫ್‌ನಲ್ಲಿ ಫಾಂಟನ್ನು ಸಬ್‌ಸೆಟ್ ಮಾಡಿ (ಬಳಸಿದ ಗ್ಲಿಫ್‌ಗಳನ್ನಷ್ಟೇ ಆಯ್ದು) ಸೇರಿಸುವಾಗ ಆ ಟೇಬಲನ್ನು ಸಾಮಾನ್ಯವಾಗಿ ಕಿತ್ತುಹಾಕಿರುತ್ತಾರೆ. ಆಗ ಉಳಿಯುವುದು ಗ್ಲಿಫ್‌ನ ರೇಖಾಚಿತ್ರ ಮಾತ್ರ. ತುಂಗಾ, ನಿರ್ಮಲಾ, ನೋಟೋ, ಲೋಹಿತ್, ಗುಬ್ಬಿ, ನವಿಲು ಫಾಂಟುಗಳ ಅರ್ಕಾವೊತ್ತು ಮತ್ತು ಒತ್ತುಗಳ ರೇಖಾಚಿತ್ರಗಳಿಗೆ ಹ್ಯಾಶ್ (ಗುರುತು ಹಿಡಿಯಲು ಬೆರಳಚ್ಚಿನಂಥ ಸಂಖ್ಯೆ) ಲೆಕ್ಕಹಾಕಿ, ಲೈಬ್ರರಿಯ ಜೊತೆಗೇ ಒಂದು ಸಣ್ಣ ಪಟ್ಟಿ ಕೊಡುವುದು ಯೋಜನೆ. ಒಂದು ಎಚ್ಚರ: ಬೇರೆ ಗ್ಲಿಫ್‌ಗಳನ್ನು ಜೋಡಿಸಿ ಮಾಡಿದ ಗ್ಲಿಫ್‌ಗಳೊಳಗೆ ಆ ಬಿಡಿಭಾಗಗಳ ನಂಬರೇ ಬರೆದಿರುತ್ತದೆ, ಸಬ್‌ಸೆಟ್ ಆದಾಗ ಆ ನಂಬರು ಬದಲಾಗಬಹುದು. ಹಸಿ ಬೈಟುಗಳಿಗೆ ಹ್ಯಾಶ್ ಮಾಡಿದರೆ ತಾಳೆಯಾಗದು. ಭಾಗಗಳನ್ನು ಬಿಡಿಸಿ, ಬಿಂದುಗಳನ್ನು ಮಾತ್ರ ಹ್ಯಾಶ್ ಮಾಡಬೇಕು. ಪಟ್ಟಿಯಲ್ಲಿ ಇಲ್ಲದ ಫಾಂಟ್ ಸಿಕ್ಕಿದರೆ ಊಹಿಸಿ ತಿದ್ದುವುದು ಬೇಡ. ಇದ್ದದ್ದನ್ನು ಇದ್ದಹಾಗೆ ಕೊಟ್ಟು, ‘ಕ್ರಮ ಖಾತ್ರಿಯಿಲ್ಲ’ ಎಂಬ ಗುರುತು ಜೊತೆಗಿಡೋಣ.

ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳ ಫೈಲುಗಳದ್ದು ಬೇರೆ ಕಥೆ. ಅಲ್ಲಿ ಹೊರಬರುವುದು ಕನ್ನಡವೇ ಅಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪರಿವರ್ತಕಗಳು ಬೇಕಾದಷ್ಟಿವೆ, ಆದರೆ ಪುಟವನ್ನು ಇಡಿಯಾಗಿ ಅವುಗಳ ಬಾಯಿಗೆ ಹಾಕಿದರೆ ಅದೇ ಪುಟದ ನಿಜವಾದ ಇಂಗ್ಲಿಷ್ ಕೂಡ ಕನ್ನಡವಾಗಿ ಕೆಟ್ಟುಹೋಗುತ್ತದೆ. ಫಾಂಟ್ ಬದಲಾದಲ್ಲೆಲ್ಲ ಪಠ್ಯವನ್ನು ತುಂಡು ಮಾಡಿ, ಹೆಸರು ನೋಡಿ, ಬೇಕಾದ ತುಂಡನ್ನಷ್ಟೇ ಪರಿವರ್ತಿಸಬೇಕು. ಸಬ್‌ಸೆಟ್ ಫಾಂಟಿನ ಹೆಸರಿನ ಮುಂದೆ ಆರು ದೊಡ್ಡಕ್ಷರ ಮತ್ತು ಒಂದು ಕೂಡುವ ಚಿಹ್ನೆ ಇರುತ್ತದೆ. ಅದನ್ನು ತೆಗೆಯದೆ ಹೋಲಿಸಿದರೆ ಯಾವ ಹೆಸರೂ ಹೊಂದುವುದಿಲ್ಲ.

ನಾವೇ ಬರೆಯುವ ಫೈಲಿನಲ್ಲಂತೂ ಈ ಗೋಳು ಇರಕೂಡದು. ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ತಂತ್ರಾಂಶ, ಕ್ರಮ ಬದಲಾಗುವ ಪದಗಳಿಗೆ ನಿಜವಾದ ಪಠ್ಯ ತಿಳಿಸುವ ಆ್ಯಕ್ಚುಯಲ್‌ಟೆಕ್ಸ್ಟ್ ಗುರುತು. ಯುಟಿಎಫ್-16ರಲ್ಲಿ ಮೂಲ ಪದವನ್ನೇ ಅಲ್ಲಿ ಬರೆದಿಟ್ಟರೆ ಕಾಪಿ ಮಾಡಿದವರಿಗೆ ತೀರ್ಥಹಳ್ಳಿಯೇ ಸಿಗುತ್ತದೆ. ಎಲ್ಲ ಪದಕ್ಕೂ ಹಾಕಿದರೆ ಫೈಲು ಸುಮ್ಮನೆ ಉಬ್ಬುತ್ತದೆ. ಸಾಗರ, ಶಿಕಾರಿಪುರದಂಥ ಪದಗಳಿಗೆ ಅದು ಬೇಕಿಲ್ಲ.

ಎರಡನೆಯ ಕೆಲಸ ಸೇವ್ ಮಾಡುವ ಕ್ರಮ. ಆಷಾಢದ ಮಳೆಯಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಯುಪಿಎಸ್ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಪಿಡಿಎಫ್‌ನ ಸೂಚಿ, ಅಂದರೆ ಎಕ್ಸ್‌ರೆಫ್, ಇರುವುದು ಫೈಲಿನ ಬಾಲದಲ್ಲಿ. ಈಗ ಮೂಲ ಫೈಲಿನ ಮೇಲೆಯೇ ಬರೆಯುತ್ತಿದ್ದೇವೆ. ನಡುವೆ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಇನ್ನು ಮೇಲೆ ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಫೈಲು ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದು ಡಿಸ್ಕಿಗೆ ಇಳಿಯುವಂತೆ ನೋಡಿ), ಕೊನೆಗೆ ಹೆಸರು ಬದಲಿಸುವುದು. ‘ಅದೇ ಫೋಲ್ಡರ್’ ಎನ್ನುವುದು ಮುಖ್ಯ: ತಾತ್ಕಾಲಿಕ ಫೈಲು ಹಾರ್ಡ್ ಡಿಸ್ಕಿನಲ್ಲಿದ್ದು ಮೂಲ ಫೈಲು ಪೆನ್‌ಡ್ರೈವ್‌ನಲ್ಲಿದ್ದರೆ ಹೆಸರು ಬದಲಿಸಲಾಗದು, ನಕಲು ಮಾಡಬೇಕಾಗುತ್ತದೆ, ಅಪಾಯ ಮತ್ತೆ ಅಲ್ಲಿಗೇ ಬಂತು.

ಈಗಾಗಲೇ ಬಾಲ ಕತ್ತರಿಸಿದ ಫೈಲಿಗೆ ರಿಪೇರಿ ಬೇಕು. ಮೊದಲಿನಿಂದ ಓದುತ್ತ ಆಬ್ಜೆಕ್ಟ್ (ಪಿಡಿಎಫ್ ಒಳಗಿನ ನಂಬರಿರುವ ತುಣುಕು) ಶುರುವಾಗುವ ಜಾಗಗಳನ್ನು ಹುಡುಕಿ ಹೊಸ ಸೂಚಿ ಕಟ್ಟಬಹುದು. ಒಂದೇ ನಂಬರು ಎರಡು ಸಲ ಸಿಕ್ಕರೆ ಕೊನೆಯದನ್ನು ಹಿಡಿಯಬೇಕು. ಆವೃತ್ತಿ 1.5ರಿಂದ ಆಬ್ಜೆಕ್ಟುಗಳನ್ನು ಕಂಪ್ರೆಸ್ ಮಾಡಿದ ಸ್ಟ್ರೀಮಿನೊಳಗೂ ಇಡುತ್ತಾರೆ. ಅವನ್ನು ಬಿಚ್ಚಿ ನೋಡದಿದ್ದರೆ ರಿಪೇರಿಯಾದ ಫೈಲಿನಲ್ಲಿ ಪುಟಗಳೇ ಇರದಿರಬಹುದು.

ಸಹಿ ಇರುವ ಫೈಲಿನ ವಿಷಯದಲ್ಲಿ ಲೈಬ್ರರಿ ಸ್ವಲ್ಪ ಹಠಮಾರಿಯಾಗಲಿ. ಡಿಜಿಟಲ್ ಸಹಿ ಕಾಯುವುದು ಇಂತಿಷ್ಟು ಬೈಟುಗಳನ್ನು. ಇಡೀ ಫೈಲನ್ನು ಹೊಸದಾಗಿ ಬರೆದರೆ, ಕಣ್ಣಿಗೆ ಏನೂ ಬದಲಾಗದಿದ್ದರೂ, ಸಹಿ ಮುರಿಯಿತು. ಆದ್ದರಿಂದ ಸಹಿ ಕಂಡರೆ ಬದಲಾವಣೆಯನ್ನು ಕೊನೆಗೆ ಸೇರಿಸುವ ಇಂಕ್ರಿಮೆಂಟಲ್ ಸೇವ್ ಮಾತ್ರ. ಸಹಿ ಹಾಕಿದ ಎರಡು ಫೈಲು ಜೋಡಿಸು ಎಂದರೆ ನಿರಾಕರಿಸಿ, ಅಟ್ಯಾಚ್‌ಮೆಂಟಾಗಿ ಒಳಗಿಡುವ ದಾರಿ ತೋರಿಸಬೇಕು. ಹಾಗಿಟ್ಟರೆ ಎರಡರ ಸಹಿಯೂ ಉಳಿಯುತ್ತದೆ.

ಜೋಡಿಸುವಾಗಿನ ಬಗ್‌ಗಳು ಹಳೆಯವು, ಬೇಗ ಮುಗಿಯುತ್ತವೆ. ಪುಟದ ಅಳತೆ, ತಿರುವು, ರಿಸೋರ್ಸ್‌ಗಳು (ಫಾಂಟ್, ಚಿತ್ರ ಇತ್ಯಾದಿ) ಪುಟದಲ್ಲೇ ಬರೆದಿರಬೇಕೆಂದಿಲ್ಲ, ಪುಟಗಳ ಮರದಲ್ಲಿ ಮೇಲಿನ ನೋಡ್‌ನಿಂದ ಬಳುವಳಿಯಾಗಿ ಬಂದಿರಬಹುದು. ಪುಟ ಕಿತ್ತುಕೊಳ್ಳುವ ಮುನ್ನ ಅವನ್ನು ಪುಟಕ್ಕೇ ಬರೆಯಬೇಕು, ಇಲ್ಲದಿದ್ದರೆ ಅಡ್ಡ ಪುಟ ಉದ್ದವಾಗುತ್ತದೆ. ಎರಡು ಅರ್ಜಿ ನಮೂನೆಯಲ್ಲೂ ‘ಹೆಸರು’ ಎಂಬ ಫೀಲ್ಡ್ ಇದ್ದರೆ, ಜೋಡಿಸಿದ ಮೇಲೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಮೂಡುತ್ತದೆ; ಫೀಲ್ಡಿನ ಹೆಸರಿಗೆ ಫೈಲಿಗೊಂದರಂತೆ ಪೂರ್ವಪದ ಸೇರಿಸಿದರೆ ಆಯಿತು. ವರ್ಷದ ಬಿಲ್ಲುಗಳನ್ನು ಒಟ್ಟು ಮಾಡಿದಾಗ ಅದೇ ಫಾಂಟ್ ಬಿಲ್ಲಿಗೊಂದರಂತೆ ಸೇರುತ್ತದೆ. ತದ್ರೂಪ ಸ್ಟ್ರೀಮುಗಳನ್ನು ಹ್ಯಾಶ್ ನೋಡಿ ಒಂದು ಮಾಡೋಣ, ಆದರೆ ಬೇರೆ ಬೇರೆ ಸಬ್‌ಸೆಟ್‌ಗಳನ್ನು ಬೆಸೆಯುವ ಉಸಾಬರಿ ಬೇಡ.

ಸ್ಕ್ಯಾನ್ ಫೈಲಿಗೆ ಒಂದು ಮಾತು. 300 ಡಿಪಿಐನ ಎ4 ಪುಟ ಅಂದರೆ 2480 × 3508 ಪಿಕ್ಸೆಲ್. ಬಣ್ಣದಲ್ಲಿ ಸುಮಾರು 26 ಎಂಬಿ, ಬರೀ ಕಪ್ಪು-ಬಿಳುಪಿಗೆ ಇಳಿಸಿದರೆ ಕಂಪ್ರೆಸ್ ಮಾಡುವ ಮೊದಲೇ ಸುಮಾರು 1.1 ಎಂಬಿ. ಅದರ ಮೇಲೆ ಸಿಸಿಐಟಿಟಿ ಗ್ರೂಪ್ 4 ಎಂಬ ಕಂಪ್ರೆಶನ್ ಸಾಕು. ಜೆಬಿಗ್2 ಇನ್ನೂ ಚಿಕ್ಕದಾಗಿಸುತ್ತದೆ ನಿಜ, ಆದರೆ ಅದರ ಲಾಸಿ (ವಿವರ ಬಿಟ್ಟುಕೊಡುವ) ವಿಧಾನ ಒಂದೇ ಥರ ಕಾಣುವ ಅಕ್ಷರಗಳಿಗೆಲ್ಲ ಒಂದೇ ಅಚ್ಚು ಬಳಸುತ್ತದೆ. ಕೆಲವು ಸ್ಕ್ಯಾನರ್‌ಗಳು 6ರ ಜಾಗದಲ್ಲಿ 8 ಮೂಡಿಸುತ್ತಿದ್ದದ್ದು 2013ರಲ್ಲಿ ಬಯಲಾಯಿತು, ಕಾರಣ ಇದೇ. ಸರ್ವೆ ನಂಬರ್ 66 ಹೋಗಿ 86 ಆದರೆ ತಾಲ್ಲೂಕು ಕಚೇರಿಗೆ ಅಲೆಯುವವರು ಯಾರು? ಲಾಸಿ ಜೆಬಿಗ್2ರಲ್ಲಿ ಬರೆಯುವ ಸೌಲಭ್ಯ ಕೊಡುವುದೇ ಇಲ್ಲ.

ಪರೀಕ್ಷೆಗೆ ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕಿನ ಹೆಸರು, ಜೊತೆಗೆ ಶೃಂಗೇರಿ, ಕೊಪ್ಪ, ಡಾಕ್ಟರ್. ಪ್ರತಿ ಫಾಂಟಿನಲ್ಲೂ ಬರೆದು, ಹೊರತೆಗೆದು, ಮೂಲದೊಡನೆ ಅಕ್ಷರಶಃ ಹೋಲಿಸುವುದು. ಒಂದು ತಪ್ಪಿದರೂ ಬಿಡುಗಡೆ ಇಲ್ಲ. ಹಳೆಯ ಸೇವ್ ಫಂಕ್ಷನ್ ಇನ್ನೆರಡು ಆವೃತ್ತಿ ಎಚ್ಚರಿಕೆ ಕೊಡುತ್ತ ಉಳಿದಿರುತ್ತದೆ, ಅಷ್ಟರೊಳಗೆ ನಿಮ್ಮ ಸ್ಕ್ರಿಪ್ಟ್ ಬದಲಿಸಿಕೊಳ್ಳಿ.