ಒಂದು ಪಾಪ, ದಿನಕ್ಕೆ ಎರಡು ಗೆರೆ

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಚರ್ಚುಗಳಲ್ಲಿ ಪಾಪನಿವೇದನೆಯ, ಅಂದರೆ ಗುರುಗಳ ಮುಂದೆ ಪಾಪ ಹೇಳಿಕೊಳ್ಳುವವರ, ಸಾಲು ಉದ್ದವಾಗುತ್ತದೆ. ಸಾಲಿನಲ್ಲಿ ನಿಂತ ಬಹಳ ಮಂದಿಗೆ ಒಂದೇ ಅಳುಕು: ಹೋದ ವರ್ಷ ಹೇಳಿದ್ದನ್ನೇ ಈ ವರ್ಷವೂ ಹೇಳಬೇಕಲ್ಲ! ಅದೇ ಸಿಟ್ಟು, ಅದೇ ಸುಳ್ಳು, ಅದೇ ಚಾಡಿ, ಕಣ್ಣಿನ ಅದೇ ಚಪಲ. ಇವರ ಪಶ್ಚಾತ್ತಾಪದಲ್ಲಿ ಕೊರತೆ ಇದೆಯೆಂದು ನನಗೆ ಅನಿಸುವುದಿಲ್ಲ. ಎಲ್ಲ ಪಾಪಗಳನ್ನೂ ಒಟ್ಟಿಗೇ ಬಿಟ್ಟುಬಿಡುತ್ತೇನೆ ಎಂದು ಹೊರಡುತ್ತಾರೆ, ಒಂದನ್ನೂ ಹತ್ತಿರ ಕೂತು ನೋಡುವುದಿಲ್ಲ. ತೊಡಕು ಇರುವುದು ಅಲ್ಲಿ.

ಒಂದೊಂದಾಗಿ ಹಿಡಿಯಬೇಕು ಎಂಬ ಬುದ್ಧಿಮಾತು ಬಹಳ ಹಳೆಯದು. ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳಿಂದ ಕಲಿತದ್ದನ್ನು ಐದನೇ ಶತಮಾನದ ಆರಂಭದಲ್ಲಿ ಬರೆದಿಟ್ಟ ಜಾನ್ ಕ್ಯಾಸಿಯನ್ ಎಂಟು ದುರ್ಗುಣಗಳನ್ನು ಹೆಸರಿಸುತ್ತಾರೆ: ಹೊಟ್ಟೆಬಾಕತನ, ಕಾಮ, ಹಣದಾಸೆ, ಸಿಟ್ಟು, ದುಃಖ, ಜಡತೆ, ಒಣಜಂಬ, ಅಹಂಕಾರ. ಇವುಗಳಲ್ಲಿ ನಿನ್ನನ್ನು ಹೆಚ್ಚು ಕಾಡುವುದು ಯಾವುದೆಂದು ಮೊದಲು ಗುರುತಿಸು, ನಿನ್ನ ಗಮನವೆಲ್ಲ ಅದರ ಮೇಲಿರಲಿ, ಅದು ಸೋತ ಮೇಲೆ ಮುಂದಿನದಕ್ಕೆ ಹೋಗು ಎನ್ನುವುದು ಅವರ ಸಲಹೆ. ಸುಮಾರು ಸಾವಿರದ ನೂರು ವರ್ಷಗಳ ನಂತರ ಇದೇ ಮಾತಿಗೆ ದಿನಚರಿಯ ರೂಪ ಕೊಟ್ಟವರು ಲೊಯೋಲದ ಸಂತ ಇಗ್ನೇಷಿಯಸ್. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡು, ಹಾಸಿಗೆಯಲ್ಲಿ ಮಲಗಿದ್ದಾಗ ಮನಸ್ಸು ತಿರುಗಿದ ಯೋಧ ಅವರು. ಅವರ 'ಆಧ್ಯಾತ್ಮಿಕ ಸಾಧನೆ' ಎಂಬ ಪುಸ್ತಕಕ್ಕೆ ಪೋಪ್ ಮೂರನೇ ಪೌಲ್ 1548ರಲ್ಲಿ ಒಪ್ಪಿಗೆ ಕೊಟ್ಟರು. ಅವರು ಕಟ್ಟಿದ ಯೇಸುಸಭೆಯ (ಜೆಸ್ವಿಟ್) ಗುರುಗಳು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದು ನೆಲೆಸಿದರು. ಕರಾವಳಿಯ ಕಥೊಲಿಕರಿಗೆ ಇಗ್ನೇಷಿಯಸರ ಹೆಸರು ಹೊಸದಲ್ಲ. ಆದರೆ ಅವರು ಹೇಳಿಕೊಟ್ಟ, ಗೆರೆ ಎಳೆದು ಪ್ರತಿ ತಪ್ಪಿಗೊಂದು ಚುಕ್ಕಿ ಇಡುವ ಕ್ರಮವನ್ನು ಪಾಲಿಸುವವರು ಈಗ ಅಪರೂಪ.

ಕ್ರಮಕ್ಕೆ ಹೋಗುವ ಮೊದಲು ಅದು ನಿಂತಿರುವ ನೆಲವನ್ನು ಹೇಳಲೇಬೇಕು. ಚುಕ್ಕಿ ಕಡಿಮೆ ಮಾಡಿಕೊಂಡು ದೇವರ ಕ್ಷಮೆಯನ್ನು ಸಂಪಾದಿಸಲು ಬರುವುದಿಲ್ಲ. ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ ಏಳನೇ ಅಧ್ಯಾಯದಲ್ಲಿ, ಬಯಸುವ ಒಳ್ಳೆಯದನ್ನು ಮಾಡಲಾಗದೆ ಬಯಸದ ಕೆಟ್ಟದ್ದನ್ನೇ ಮಾಡುತ್ತೇನೆ ಎಂದು ನರಳುವ ಮಾತು ಎಲ್ಲರಿಗೂ ಗೊತ್ತು. ಅದಕ್ಕಿಂತ ಮೊದಲೇ, ಆರನೇ ಅಧ್ಯಾಯದ ಹದಿನಾಲ್ಕನೇ ವಚನದಲ್ಲಿ, ನೀವು ಕೃಪೆಗೆ ಒಳಪಟ್ಟವರಾದ್ದರಿಂದ ಪಾಪ ನಿಮ್ಮ ಮೇಲೆ ಅಧಿಕಾರ ನಡೆಸದು ಎಂದು ಅವರು ಹೇಳಿಯಾಗಿದೆ. ಮನುಷ್ಯ ಸ್ವಂತ ಪ್ರಯತ್ನದಿಂದಲೇ ಪಾಪವಿಲ್ಲದೆ ಬಾಳಬಲ್ಲ ಎಂಬ ಬೋಧನೆಯನ್ನು ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ 418ರಲ್ಲೇ ತಳ್ಳಿಹಾಕಿತು. ಕ್ಷಮೆ ಕ್ರಿಸ್ತನ ಶಿಲುಬೆಯಿಂದ ಬಂದದ್ದು, ಪೂರ್ತಿ ಬಂದದ್ದು. ದೀಕ್ಷಾಸ್ನಾನದ ನಂತರವೂ ಪಾಪದ ಕಡೆಗಿನ ಎಳೆತ ಮಾತ್ರ ನಮ್ಮಲ್ಲಿ ಉಳಿದಿರುತ್ತದೆ. ಆ ಎಳೆತ ತಾನಾಗಿ ಪಾಪವಲ್ಲ, ನಾವು ಹೂಂ ಎಂದಾಗ ಪಾಪವಾಗುತ್ತದೆ ಎನ್ನುತ್ತದೆ ಕಥೊಲಿಕ ಬಿಷಪರ 1546ರ ಟ್ರೆಂಟ್ ಸಭೆ. ಆ ಎಳೆತವೇ ಪಾಪ ಎನ್ನುತ್ತಾರೆ ಪ್ರಾಟೆಸ್ಟೆಂಟ್ ಸುಧಾರಕ ಲೂಥರ್. ವಾದ ಏನೇ ಇರಲಿ, ಬದುಕಿರುವ ತನಕ ಹೋರಾಟ ಇದೆ ಎನ್ನುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಇನ್ನು ಕ್ರಮ. ಜೇಬಿಗೆ ಹಿಡಿಸುವ ಒಂದು ಪುಸ್ತಕ ಸಾಕು. ಒಂದು ಪುಟದಲ್ಲಿ ಏಳು ಜೊತೆ, ಅಂದರೆ ಹದಿನಾಲ್ಕು ಅಡ್ಡಗೆರೆ ಎಳೆಯಿರಿ. ಪ್ರತಿ ಜೊತೆ ಒಂದು ದಿನದ್ದು. ಮೇಲಿನ ಗೆರೆ ಮಧ್ಯಾಹ್ನದವರೆಗಿನ ಲೆಕ್ಕಕ್ಕೆ, ಕೆಳಗಿನದು ಅಲ್ಲಿಂದ ರಾತ್ರಿಯವರೆಗಿನದಕ್ಕೆ. ಬೆಳಿಗ್ಗೆ ಎದ್ದ ಕೂಡಲೇ, ಈ ಒಂದು ಪಾಪದ ಬಗ್ಗೆ ಇವತ್ತು ಎಚ್ಚರವಾಗಿರುತ್ತೇನೆ ಎಂದು ಸಂಕಲ್ಪ ಮಾಡಿ. ಮಧ್ಯಾಹ್ನ ಊಟವಾದ ಮೇಲೆ ಮೊದಲು ದೇವರಲ್ಲಿ ಬೇಡಿಕೊಳ್ಳಿ: ಎಷ್ಟು ಸಲ ಬಿದ್ದೆ ಎಂದು ನೆನಪು ಕೊಡು, ತಿದ್ದಿಕೊಳ್ಳುವ ಶಕ್ತಿ ಕೊಡು. ಆಮೇಲೆ ಎದ್ದ ಗಳಿಗೆಯಿಂದ ಗಂಟೆಗಂಟೆಯಾಗಿ ನೋಡುತ್ತಾ ಬನ್ನಿ. ಬಿದ್ದದ್ದು ಎಷ್ಟು ಸಲವೋ ಅಷ್ಟು ಚುಕ್ಕಿ. ಮತ್ತೆ ಸಂಕಲ್ಪ. ರಾತ್ರಿ ಊಟದ ನಂತರ ಇದೇ ಕೆಲಸ, ಕೆಳಗಿನ ಗೆರೆಯ ಮೇಲೆ. ಒಂದೊಂದಕ್ಕೂ ಐದು ನಿಮಿಷ ಸಾಕು.

ಇದಕ್ಕೆ ಇಗ್ನೇಷಿಯಸ್ ಇನ್ನೂ ನಾಲ್ಕು ಮಾತು ಸೇರಿಸಿದ್ದಾರೆ. ಬಿದ್ದ ಆ ಕ್ಷಣದಲ್ಲೇ ಎದೆಯ ಮೇಲೆ ಕೈಯಿಟ್ಟು ಮನಸ್ಸಿನಲ್ಲಿ ದುಃಖಪಡಬೇಕು. ಹತ್ತು ಜನರ ನಡುವೆ ಮಾಡಿದರೂ ಯಾರಿಗೂ ಗೊತ್ತಾಗದು. ರಾತ್ರಿ ಎರಡು ಗೆರೆಗಳನ್ನು ಹೋಲಿಸಬೇಕು. ಮರುದಿನ ಹಿಂದಿನ ದಿನದೊಂದಿಗೆ, ವಾರ ಕಳೆದಾಗ ಹಿಂದಿನ ವಾರದೊಂದಿಗೆ. ಅಷ್ಟೇ.

ಪಾಪದ ಆಯ್ಕೆಯಲ್ಲೇ ಹೆಚ್ಚಿನವರು ಎಡವುತ್ತಾರೆ. 'ಅಹಂಕಾರ' ಎಂದು ಬರೆದುಕೊಂಡರೆ ಚುಕ್ಕಿ ಎಲ್ಲಿ ಇಡುವುದು? ಎಣಿಸಲು ಸಿಗುವಂಥದ್ದು ಬೇಕು: ಇನ್ನೊಬ್ಬರ ಮಾತು ಮುಗಿಯುವ ಮೊದಲೇ ಬಾಯಿ ಹಾಕಿದ್ದು, ಮನೆಯಿಂದ ಹೊರಡದೆಯೇ ಫೋನಿನಲ್ಲಿ 'ದಾರಿಯಲ್ಲಿದ್ದೇನೆ' ಎಂದದ್ದು, ಎದುರಿಗಿಲ್ಲದವರ ಬಗ್ಗೆ ಹಗುರವಾಗಿ ಮಾತಾಡಿದ್ದು. ಇನ್ನೊಂದು ಮುಖ್ಯ ವಿಷಯ. ಈ ಕ್ರಮ ಅಭ್ಯಾಸವಾಗಿ ಅಂಟಿಕೊಂಡ ದೋಷಗಳಿಗೆ. ಲಂಚ, ವ್ಯಭಿಚಾರ, ಹೆಂಡತಿಯ ಮೇಲೆ ಕೈ ಮಾಡುವುದು – ಇವನ್ನು ವಾರಕ್ಕೆ ಐದರಿಂದ ಮೂರಕ್ಕೆ ಇಳಿಸುವ ಪ್ರಶ್ನೆಯೇ ಇಲ್ಲ. ಅವು ಇವತ್ತೇ ನಿಲ್ಲಬೇಕು.

ಮಕ್ಕಳ ಮೇಲೆ ಅರಚುವುದನ್ನೇ ತೆಗೆದುಕೊಳ್ಳಿ. ಸೋಮವಾರ ಮೇಲಿನ ಗೆರೆಯಲ್ಲಿ ಒಂದು ಚುಕ್ಕಿ, ಕೆಳಗಿನದರಲ್ಲಿ ನಾಲ್ಕು. ಮಂಗಳವಾರ ಸೊನ್ನೆ, ಮೂರು. ಬುಧವಾರ ಒಂದು, ಐದು. ಗಂಟೆಗಂಟೆಯಾಗಿ ನೋಡಿದರೆ ಕೆಳಗಿನ ಚುಕ್ಕಿಗಳೆಲ್ಲ ಸಂಜೆ ಏಳರಿಂದ ಒಂಬತ್ತರೊಳಗೆ, ಹೋಮ್‌ವರ್ಕ್ ಹೊತ್ತಿನಲ್ಲಿ. ಚುಕ್ಕಿಯ ಪಕ್ಕ 'ಹ' ಅಥವಾ 'ದ' ಎಂದು ಬರೆದುಕೊಂಡರೆ, ಹಸಿವೋ ದಣಿವೋ ಎನ್ನುವುದೂ ತಿಳಿಯುತ್ತದೆ. ಇದು ಮೂಲದಲ್ಲಿಲ್ಲ, ಆದರೆ ಬಹಳ ಉಪಯೋಗಕ್ಕೆ ಬರುತ್ತದೆ. ಮರುದಿನ ಬೆಳಿಗ್ಗೆಯ ಸಂಕಲ್ಪ 'ಅರಚುವುದಿಲ್ಲ' ಎನ್ನುವಷ್ಟಕ್ಕೇ ನಿಲ್ಲದೆ, 'ಮನೆಗೆ ಬಂದು ಏನಾದರೂ ತಿಂದು, ಹತ್ತು ನಿಮಿಷ ಸುಮ್ಮನೆ ಕೂತ ಮೇಲೆಯೇ ಮಗುವಿನ ಪುಸ್ತಕ ತೆಗೆಯುತ್ತೇನೆ' ಎಂದಾಗುತ್ತದೆ. ಆಸೆ ಬಸಿರಾಗಿ ಪಾಪವನ್ನು ಹೆರುತ್ತದೆ ಎನ್ನುತ್ತಾರೆ ಸಂತ ಯಾಕೋಬರು. ಹೆರಿಗೆಯ ಹೊತ್ತಿಗೆ ತಡೆಯುವುದು ಕಷ್ಟ, ಎರಡು ಗಂಟೆ ಮೊದಲು ತಡೆಯುವುದು ಸಾಧ್ಯ. ಮತ್ತೆ ಅರಚಿದರೆ, ಮಗು ಮಲಗುವ ಮೊದಲು ಹತ್ತಿರ ಹೋಗಿ 'ತಪ್ಪಾಯ್ತು ಕಂದಾ' ಎನ್ನಬೇಕು. ದೊಡ್ಡವರ ಬಾಯಲ್ಲಿ ಈ ಮಾತು ಬರುವುದು ಕಷ್ಟವೆಂದು ಗೊತ್ತು. ಅದಕ್ಕೇ ಅದರ ಫಲವೂ ದೊಡ್ಡದು.

ಮೊದಲ ವಾರ ಚುಕ್ಕಿಗಳು ಹೆಚ್ಚಾಗುತ್ತವೆ. ಎದೆಗುಂದಬೇಡಿ, ಕಾಣದೇ ಇದ್ದದ್ದು ಈಗ ಕಾಣುತ್ತಿದೆ, ಅಷ್ಟೆ. ಮಧ್ಯಾಹ್ನದ ಲೆಕ್ಕವನ್ನು ಬಿಟ್ಟು ಎಲ್ಲವನ್ನೂ ರಾತ್ರಿಗೆ ತಳ್ಳುವುದು ಇನ್ನೊಂದು ಸಾಮಾನ್ಯ ತಪ್ಪು. ಬೆಳಿಗ್ಗೆ ಒಂಬತ್ತಕ್ಕೆ ಆಡಿದ ಚುಚ್ಚುಮಾತು ರಾತ್ರಿ ಹತ್ತಕ್ಕೆ ನೆನಪಾಗುವ ಹೊತ್ತಿಗೆ 'ಅವನೇ ಹಾಗೆ ಮಾಡಿಸಿದ' ಎಂಬ ವಕಾಲತ್ತು ಸಿದ್ಧವಾಗಿರುತ್ತದೆ. ಬೇಡಿಕೆಯ ಪ್ರಾರ್ಥನೆ ಬಿಟ್ಟುಹೋದರೆ ಉಳಿಯುವುದು ಬರೀ ಖಾತೆಪುಸ್ತಕ. ಆಗ ಸೊನ್ನೆ ಬಂದ ದಿನ ಜಂಬ, ಆರು ಬಂದ ದಿನ ಹತಾಶೆ. ಕ್ಯಾಸಿಯನ್ ಎಚ್ಚರಿಸಿದ್ದು ಇದನ್ನೇ: ಉಳಿದ ದುರ್ಗುಣಗಳು ಸೋತಾಗ ಒಣಜಂಬ ಆ ಗೆಲುವನ್ನೇ ತಿಂದು ಬೆಳೆಯುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಅತಿಯಾದ ಪಾಪಭೀತಿ. ಇಗ್ನೇಷಿಯಸರಿಗೇ ಅದು ಬಡಿದಿತ್ತು. 1522ರಲ್ಲಿ ಮೊಂತ್ಸೆರಾತ್‌ನಲ್ಲಿ ಮೂರು ದಿನ ಹಿಡಿದು ಇಡೀ ಬದುಕಿನ ಪಾಪಗಳನ್ನು ಬರೆದು ನಿವೇದಿಸಿದರೂ, ಮನ್ರೇಸಾಗೆ ಬಂದ ಮೇಲೆ ಏನೋ ಬಿಟ್ಟುಹೋಯಿತೆಂಬ ಶಂಕೆ ಬಿಡಲಿಲ್ಲ. ಮತ್ತೆ ಮತ್ತೆ ನಿವೇದಿಸಿದರು, ಒಂದು ವಾರ ಏನನ್ನೂ ತಿನ್ನಲಿಲ್ಲ, ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂತು. ತುಂಬ ಸ್ಪಷ್ಟವಾದ ಪಾಪಗಳನ್ನು ಬಿಟ್ಟು ಹಳೆಯದನ್ನು ಹೇಳಬೇಡ ಎಂದು ಗುರುಗಳು ಹೇಳಿದರೆ, ಅವರಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು! ಹಳೆಯ ಪಾಪಗಳನ್ನು ಇನ್ನು ಹೇಳುವುದೇ ಇಲ್ಲವೆಂದು ನಿರ್ಧರಿಸಿದಾಗ ಬಿಡುಗಡೆ ಸಿಕ್ಕಿತು. ಬೇಡದ ಯೋಚನೆ ತಲೆಗೆ ಬಂದು ಹೋದದ್ದಕ್ಕೆಲ್ಲ ಚುಕ್ಕಿ ಇಡುವವರು, ಒಂದೇ ಪಾಪವನ್ನು ಮೂರು ಗುರುಗಳ ಬಳಿ ಹೇಳುವವರು ಈ ಪುಸ್ತಕವನ್ನು ಮುಚ್ಚಿಡಬೇಕು. ಒಬ್ಬರೇ ಗುರುಗಳ ಮಾತು ಕೇಳಬೇಕು, ಮನೋವೈದ್ಯರನ್ನೂ ಕಾಣಬೇಕು. ಕುಡಿತದಂಥ ಚಟಕ್ಕೂ ಚುಕ್ಕಿ ಸಾಲದು. ಪ್ರಾರ್ಥನೆಯ ಜೊತೆಗೆ ಚಿಕಿತ್ಸೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಅಲ್ಲಿಗೆ ಹೋಗುವುದು ವಿಶ್ವಾಸದ ಕೊರತೆಯಲ್ಲ.

ಈ ಪುಸ್ತಕ ಇಟ್ಟವರಿಗೆ ಪಾಪನಿವೇದನೆ ಸುಲಭವಾಗುತ್ತದೆ. ವರ್ಷಕ್ಕೆ ಒಮ್ಮೆಯಾದರೂ ನಿವೇದಿಸಬೇಕೆಂಬುದು 1215ರ ಲ್ಯಾಟರನ್ ಸಭೆಯ ಕಾಲದಿಂದ ಬಂದ ನಿಯಮ. ಗಂಭೀರ ಪಾಪಗಳನ್ನು ಯಾವ ಬಗೆಯದು, ಎಷ್ಟು ಸಲ ಎಂದು ಹೇಳಬೇಕೆನ್ನುತ್ತದೆ ಈಗಿನ ಧರ್ಮಸಭಾ ಕಾನೂನಿನ 988ನೇ ವಿಧಿ. ಕತೆ ಬೇಡ, ಅತ್ತೆಯ ತಪ್ಪುಗಳೂ ಬೇಡ. 'ಸಿಟ್ಟು ಬರುತ್ತದೆ ಸ್ವಾಮಿ' ಎನ್ನುವ ಬದಲು 'ಮಕ್ಕಳಿಗೆ ಮನಸ್ಸು ನೋಯುವಂಥ ಮಾತು ವಾರಕ್ಕೆ ಹತ್ತು ಸಲವಾದರೂ ಆಡಿದ್ದೇನೆ' ಎನ್ನಿ. ಗುರುಗಳು ಕೊಡುವ ಸಲಹೆಯೂ ಆಗ ಅಷ್ಟೇ ಖಚಿತವಾಗಿರುತ್ತದೆ. ಹೇಳಿದ್ದು ಅಲ್ಲಿಂದ ಆಚೆ ಹೋಗುವುದಿಲ್ಲ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮತ್ತಿತರ ಪ್ರಾಟೆಸ್ಟೆಂಟ್ ಸಭೆಗಳವರು ಯೋಹಾನನ ಮೊದಲ ಪತ್ರದ ಮಾತಿನಂತೆ ದೇವರಿಗೇ ಅರಿಕೆ ಮಾಡಿದರೂ, ಒಬ್ಬರಿಗೊಬ್ಬರು ಪಾಪಗಳನ್ನು ಹೇಳಿಕೊಳ್ಳಿರಿ ಎಂಬ ಯಾಕೋಬನ ಮಾತೂ ಅವರ ಬೈಬಲಿನಲ್ಲಿದೆ. ನಂಬಿಕೆಯ ಹಿರಿಯರೊಬ್ಬರ ಮುಂದೆ ಬಾಯಿಬಿಡುವುದು ಅವರಿಗೂ ಒಳ್ಳೆಯದು. ಗುಟ್ಟಾಗಿ ಉಳಿಯುವುದರಲ್ಲೇ ಪಾಪಕ್ಕೆ ಸೆಳೆಯುವ ಸೈತಾನನ ಬಲವಿದೆ ಎಂದು ಇಗ್ನೇಷಿಯಸ್ ಬರೆದಿದ್ದಾರೆ.

ಕೊನೆಯ ಕೆಲಸವೊಂದಿದೆ, ಬಹಳ ಮಂದಿ ಬಿಟ್ಟುಬಿಡುವುದು ಅದನ್ನೇ. ಗುರುಗಳು ಕೊಟ್ಟ ಪ್ರಾಯಶ್ಚಿತ್ತದ ಜಪ ಮುಗಿಸಿದ ಮಾತ್ರಕ್ಕೆ ಆದ ನಷ್ಟ ತುಂಬುವುದಿಲ್ಲ. ಸುಂಕದ ಜಕ್ಕಾಯ ಯೇಸುವಿನ ಎದುರು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಹಣವಾದರೆ ಹಿಂದಿರುಗಿಸಬಹುದು. ಚಾಡಿ ಹೇಳಿದವರು ಮಾತ್ರ, ಯಾರ ಕಿವಿಗೆ ಹಾಕಿದ್ದರೋ ಅವರ ಬಳಿಗೇ ಹೋಗಿ 'ಅವತ್ತು ನಾನು ಹೇಳಿದ್ದು ನಿಜವಲ್ಲ' ಎಂದು ಹೇಳಬೇಕು. ಹೇಳಿದ್ದು ನಿಜವೇ ಆಗಿದ್ದರೆ ಸುಳ್ಳೆಂದು ಹೇಳಲು ಬರುವುದಿಲ್ಲ. ಆಗ ಆ ವ್ಯಕ್ತಿಯಲ್ಲಿ ತಾವು ಕಂಡ ಒಳ್ಳೆಯದನ್ನು ಅದೇ ಜನರ ಮುಂದೆ ಬಾಯಿತುಂಬ ಹೇಳಬೇಕು.